ಊರ ತಳಿ ಉಳಿಸಲು 10 ಲಕ್ಷ ದೇಣಿಗೆ: ಕೋಲ್ಡ್ ರೂಮ್ ಕಟ್ಟುವುದಾ, ಠೇವಣಿ ಇಡುವುದಾ?

ಹಡಿಲುಗದ್ದೆ (ಉಡುಪಿ)

ಉಡುಪಿ ತಾಲೂಕಿನಲ್ಲಿ ನಮ್ಮದೊಂದು ಬೀಜ ಕೂಟ ಉಂಟು. ಕಯಮೆ, ರಾಜಕಯಮೆ, ಮಸ್ಕತಿ ಎಲ್ಲ ಸೇರಿ 64 ಭತ್ತದ ತಳಿ. ಮಟ್ಟುಗುಳ್ಳ, ಹರಿವೆ, ಅಲಸಂಡೆ, ಊರಿನ ಬೆಂಡೆ, ಸೌತೆ, ಹೀರೆ ಹೀಗೆ 30 ತರಕಾರಿ ತಳಿ. ಬೀಜ ಸಾಯಬಾರದು ಅಂತ ಪ್ರತಿ ಏಣಿಲಿಗೂ (ಮಳೆಗಾಲದ ಬೆಳೆಗೆ) ಎಲ್ಲ ಭತ್ತವನ್ನೂ ಚಿಕ್ಕ ಚಿಕ್ಕ ತಾಕಿನಲ್ಲಿ ಬೆಳೆಯುತ್ತೇವೆ. ಈಗಿನ ಆಳಿನ ಸಂಬಳದಲ್ಲಿ ಇದು ಇನ್ನು ಹೆಚ್ಚು ವರ್ಷ ನಡೆಯುವ ಹಾಗಿಲ್ಲ.

ದಾನಿಯೊಬ್ಬರು 10 ಲಕ್ಷ ರೂ. ಕೊಡಲು ಮುಂದೆ ಬಂದಿದ್ದಾರೆ. ಸದಸ್ಯರಲ್ಲಿ ಅರ್ಧ ಜನ ಕೋಲ್ಡ್ ರೂಮ್ ಕಟ್ಟುವ ಅನ್ನುತ್ತಾರೆ. ಉಳಿದವರು ಹಣ ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ನಡೆಸುವ ಅನ್ನುತ್ತಾರೆ. ಇನ್ನು ಕೆಲವರಿಗೆ ಎಲ್ಲವನ್ನೂ ದೆಹಲಿಯ ಜೀನ್ ಬ್ಯಾಂಕಿಗೆ (ತಳಿಗಳ ಬೀಜ ಕಾಯ್ದಿಡುವ ಸರ್ಕಾರಿ ಭಂಡಾರ) ಕಳಿಸಿ ನಿಶ್ಚಿಂತೆಯಾಗಿ ಇರುವ ಮನಸ್ಸು, ಆದರೆ ಕಳಿಸಿದರೆ ನಮ್ಮ ಹಕ್ಕು ಹೋಗುತ್ತದೋ ಎಂಬ ಹೆದರಿಕೆ. ಈ ಗಾತ್ರದ ಸಂಗ್ರಹವನ್ನು ದೀರ್ಘಕಾಲ ಇಡಲು ವರ್ಷಕ್ಕೆ ನಿಜವಾಗಿ ಎಷ್ಟು ಖರ್ಚು? 10 ಲಕ್ಷ ಸಾಕಾದೀತಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಮೊಳಕೆ

ಕೋಲ್ಡ್ ರೂಮ್ ಬೇಡವೇ ಬೇಡ. ಮೊದಲು ಗಾತ್ರ ನೋಡಿ. ಸಾವಿರ ಭತ್ತದ ಕಾಳು ಸುಮಾರು 25 ಗ್ರಾಂ ತೂಗುತ್ತದೆ. ತಳಿಗೆ 250 ಗ್ರಾಂ ಇಟ್ಟರೆ 10,000 ಕಾಳು ಆಯಿತು, ಸಂರಕ್ಷಣೆಗೆ ಧಾರಾಳ. 64 ತಳಿಗೆ ಒಟ್ಟು 16 ಕೆ.ಜಿ. ತರಕಾರಿ ಬೀಜವೂ ಸೇರಿ 300 ಲೀಟರಿನ ಒಂದು ಡೀಪ್ ಫ್ರೀಜರ್ ಅರ್ಧ ಕೂಡ ತುಂಬುವುದಿಲ್ಲ. ಇಷ್ಟಕ್ಕೆ ಕೋಲ್ಡ್ ರೂಮ್ ಕಟ್ಟಿದರೆ ಎರಡು ಕಂಪ್ರೆಸರ್, ಡೀಹ್ಯುಮಿಡಿಫೈಯರ್, ಜನರೇಟರ್ ಎಲ್ಲ ಬೇಕು, ಕರೆಂಟ್ ಬಿಲ್ಲು ಫ್ರೀಜರಿನ ಹತ್ತಾರು ಪಟ್ಟು ಬರುತ್ತದೆ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಬಾಗಿಲಿನ ಮೇಲೆ ಹೆಸರು ಬರುತ್ತದಲ್ಲ. ಏಳನೇ ವರ್ಷದ ಕರೆಂಟ್ ಬಿಲ್ಲಿಗೆ ಯಾರೂ ಸಿಗುವುದಿಲ್ಲ.

ನಿಮ್ಮ ಹಣ ಸೋರುತ್ತಿರುವುದು ತಂಪು ಇಲ್ಲದ್ದರಿಂದ ಅಲ್ಲ, ಬೀಜ ಸಾಕಷ್ಟು ಒಣಗದ್ದರಿಂದ. ಅಂಗಳದಲ್ಲಿ ಚೆನ್ನಾಗಿ ಒಣಗಿದ ಭತ್ತದಲ್ಲೂ ಶೇ. 12–13 ತೇವ ಇರುತ್ತದೆ. ನಮ್ಮ ಆಟಿ ತಿಂಗಳ ಮಳೆಗಾಳಿಯಲ್ಲಿ ಗೋಣಿಯಲ್ಲಿಟ್ಟರೆ ಅದೇ ಬೀಜ ತೇವ ಹೀರಿ ಶೇ. 16 ದಾಟುತ್ತದೆ. ಬೀಜದ ತೇವ ಶೇ. 1 ಇಳಿದರೆ ಆಯುಸ್ಸು ದುಪ್ಪಟ್ಟು ಎಂಬ ಹ್ಯಾರಿಂಗ್ಟನ್ನರ ಸ್ಥೂಲ ಲೆಕ್ಕ ಒಂದಿದೆ, ಸುಮಾರು ಶೇ. 5ರಿಂದ 14ರ ನಡುವೆ ಅನ್ವಯಿಸುತ್ತದೆ. 13ರಿಂದ 7ಕ್ಕೆ ಇಳಿಸಿದರೆ 64 ಪಟ್ಟು. ತಂಪು ಇದರ ಮೇಲೆ ಸಿಗುವ ಲಾಭ. ಒಣಗಿಸದೆ ತಂಪಿಗೆ ಇಟ್ಟರೆ ನಷ್ಟವೇ: ಶೇ. 15ರ ಆಸುಪಾಸು ತೇವ ಇರುವ ಬೀಜವನ್ನು ಮೈನಸ್ 18 ಡಿಗ್ರಿಗೆ ಹಾಕಿದರೆ ಒಳಗೆ ಮಂಜು ಕಟ್ಟಿ ಭ್ರೂಣವೇ ಹೋಗಬಹುದು.

ಮಾಡುವ ಕ್ರಮ ಹೀಗೆ. ಕೊಯ್ಲಾದ ಮೇಲೆ ಬಿಸಿಲಲ್ಲಿ ಶೇ. 12ಕ್ಕೆ ತನ್ನಿ. ಜೊಳ್ಳು, ಮುರುಕು ತೆಗೆದು 250 ಗ್ರಾಂ ತೂಗಿ ತೆಳು ಬಟ್ಟೆಯ ಚೀಲಕ್ಕೆ ಹಾಕಿ. ರಬ್ಬರ್ ವಾಷರ್ ಇರುವ ಗಾಳಿಯಾಡದ ಡಬ್ಬಿಯಲ್ಲಿ ಅಷ್ಟೇ ತೂಕದ ಸಿಲಿಕಾ ಜೆಲ್ ಜೊತೆ ಇಡಿ. ದಿನಕ್ಕೊಮ್ಮೆ ಚೀಲ ತೂಗಿ. 250 × (100 − 12) ÷ (100 − 7) ಅಂದರೆ 236.6 ಗ್ರಾಂ. ಬೀಜ ಅಷ್ಟಕ್ಕೆ ಇಳಿದ ದಿನ ತೇವ ಶೇ. 7 ಆಯಿತೆಂದು ಲೆಕ್ಕ. ಇಷ್ಟಕ್ಕೆ ಮೀಟರ್ ಬೇಡ, 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಸಾಮಾನ್ಯವಾಗಿ ನಾಲ್ಕೈದು ದಿನ ಹಿಡಿಯುತ್ತದೆ. ಜೆಲ್ ಬಣ್ಣ ತಿರುಗಿದರೆ ಬದಲಿಸಿ. ತೇವ ಕುಡಿದ ಜೆಲ್ಲನ್ನು 110–120 ಡಿಗ್ರಿಯ ಓವನ್ನಿನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ.

ಆಮೇಲೆ ಪ್ಯಾಕಿಂಗ್. ಒಳಗೆ ಅಲ್ಯೂಮಿನಿಯಂ ಪದರ ಇರುವ ಮೂರು ಪದರದ ಲ್ಯಾಮಿನೇಟೆಡ್ ಪೌಚ್ ಬೇಕು, ಬರೀ ಪ್ಲಾಸ್ಟಿಕ್ ಆಗುವುದಿಲ್ಲ, ಅದು ನಿಧಾನವಾಗಿ ತೇವವನ್ನು ಒಳಗೆ ಬಿಡುತ್ತದೆ. ಭತ್ತದಲ್ಲಿ ಎಲ್ಲರೂ ಎಡವುವ ಜಾಗ ಒಂದುಂಟು: ಕಾಳಿನ ಮೂತಿ ಚೂಪು, ಮೀಸೆ ಇರುವ ತಳಿಯಾದರಂತೂ ಕೇಳುವುದೇ ಬೇಡ. ವ್ಯಾಕ್ಯೂಮ್ ಹಿಡಿದು ಸೀಲ್ ಮಾಡಿದರೆ ಪೌಚ್ ಕಾಳಿಗೆ ಅಂಟಿ ಸೂಜಿಮೊನೆಯಷ್ಟು ತೂತಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಎರಡು ಮಳೆಗಾಲ ಕಳೆದ ಮೇಲೆ ಮೊಳಕೆ ಪ್ರಮಾಣ ಕುಸಿದಾಗಲೇ ಗೊತ್ತಾಗುವುದು. ಮೊದಲು ದಪ್ಪ ಕಾಗದದ ಕವರಿಗೆ ಹಾಕಿ, ಆಮೇಲೆ ಪೌಚಿಗೆ ಇಳಿಸಿ, ವ್ಯಾಕ್ಯೂಮ್ ಇಲ್ಲದೆ ಶಾಖದಿಂದ ಸೀಲ್ ಮಾಡಿ. 250 ಗ್ರಾಮನ್ನೂ ಒಂದೇ ಪೌಚಿನಲ್ಲಿ ಇಡಬೇಡಿ. 50 ಗ್ರಾಮಿನ ಐದು ಮಾಡಿದರೆ ಪರೀಕ್ಷೆಗೆ ಒಂದು ತೆರೆದಾಗ ಉಳಿದ ನಾಲ್ಕಕ್ಕೆ ಗಾಳಿ ತಾಗುವುದಿಲ್ಲ. ಫ್ರೀಜರಿನಿಂದ ತೆಗೆದ ಪೌಚನ್ನು ರಾತ್ರಿಯಿಡೀ ಹೊರಗಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಕತ್ತರಿಸಿ. ತಣ್ಣಗಿರುವಾಗ ತೆರೆದರೆ ನಮ್ಮ ಗಾಳಿಯ ನೀರೆಲ್ಲ ಬೀಜದ ಮೇಲೆ ಬೆವರಾಗಿ ಕೂರುತ್ತದೆ.

ಫ್ರೀಜರ್ ಮೇಲಿಂದ ಮುಚ್ಚಳ ತೆರೆಯುವ ಪೆಟ್ಟಿಗೆ ನಮೂನೆಯದ್ದೇ ಇರಲಿ. ಫ್ರಾಸ್ಟ್-ಫ್ರೀ ಬೇಡ, ಮಂಜು ಕರಗಿಸಲು ಅದು ತನ್ನಷ್ಟಕ್ಕೆ ಬಿಸಿಯಾಗುತ್ತಿರುತ್ತದೆ. ಖಾಲಿ ಜಾಗದಲ್ಲಿ ಮುಕ್ಕಾಲು ನೀರು ತುಂಬಿದ ಬಾಟಲಿ ಇಟ್ಟರೆ ಮಳೆಗಾಲದಲ್ಲಿ ಕರೆಂಟ್ ಹೋದರೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದೆರಡು ದಿನ ಕರೆಂಟ್ ಇಲ್ಲದಿದ್ದರೂ ಒಣಗಿ ಸೀಲ್ ಆದ ಬೀಜಕ್ಕೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಸಮುದ್ರ ಹತ್ತಿರವಿದ್ದರೆ ಉಪ್ಪುಗಾಳಿಗೆ ಕಂಡೆನ್ಸರ್ ತುಕ್ಕು ಹಿಡಿಯುತ್ತದೆ, ಹತ್ತು ವರ್ಷಕ್ಕೊಮ್ಮೆ ಫ್ರೀಜರ್ ಬದಲಿಸುವುದನ್ನು ಖರ್ಚಿನಲ್ಲಿ ಸೇರಿಸಿಯೇ ಲೆಕ್ಕ ಹಾಕಿ. ಎರಡು ಫ್ರೀಜರ್ ಇರಲಿ, ಎರಡು ಬೇರೆ ಬೇರೆ ಊರಿನಲ್ಲಿ. ಫಿಲಿಪ್ಪೀನ್ಸ್‌ನ ರಾಷ್ಟ್ರೀಯ ಜೀನ್ ಬ್ಯಾಂಕಿಗೆ 2006ರಲ್ಲಿ ಚಂಡಮಾರುತದ ನೆರೆ ನುಗ್ಗಿತು, 2012ರಲ್ಲಿ ಬೆಂಕಿ ಬಿತ್ತು. ಇನ್ನೊಂದು ಕಡೆ ಪ್ರತಿ ಇಲ್ಲದ ತಳಿಗಳು ಅಂಥ ಹೊತ್ತಿನಲ್ಲಿ ಹೋದರೆ ಹೋದ ಹಾಗೆಯೇ.

ಮೊಳಕೆ ಪರೀಕ್ಷೆ ಐದು ವರ್ಷಕ್ಕೊಮ್ಮೆ ಮಾಡಿದರೆ ಸಾಕು. 50 ಕಾಳಿನ ಎರಡು ಸಾಲು, ಒದ್ದೆ ಕಾಗದದ ಸುರುಳಿಯಲ್ಲಿ, 14ನೇ ದಿನ ಕೊನೆಯ ಎಣಿಕೆ. ಹೊಸ ಕೊಯ್ಲಿನ ಭತ್ತದಲ್ಲಿ ಸುಪ್ತಾವಸ್ಥೆ ಇರುತ್ತದೆ, ಮೊಳೆಯದಿದ್ದರೆ ಸತ್ತಿದೆ ಎಂದು ತೀರ್ಮಾನಿಸಬೇಡಿ. 50 ಡಿಗ್ರಿಯಲ್ಲಿ ಐದು ದಿನ ಇಟ್ಟು ಮತ್ತೆ ಹಾಕಿ ನೋಡಿ. ಶುರುವಿನ ಮೊಳಕೆಯ ಶೇ. 85ಕ್ಕಿಂತ ಕೆಳಗೆ ಬಂದ ತಳಿಯನ್ನು ಮಾತ್ರ ಗದ್ದೆಗೆ ಇಳಿಸುವುದು. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಜೀನ್ ಬ್ಯಾಂಕ್ ಮಾನದಂಡ ಹೇಳುವುದೂ ಇದನ್ನೇ. ಇಷ್ಟು ಮಾಡಿದರೆ ಪ್ರತಿ ವರ್ಷ 64 ಬೆಳೆಯುವ ಬದಲು, ಹತ್ತು ವರ್ಷಕ್ಕೊಂದು ಸರದಿಯೆಂದು ಎಚ್ಚರಿಕೆಯಿಂದ ಹಿಡಿದರೂ, ವರ್ಷಕ್ಕೆ ಆರೇಳು ತಳಿ ಬೆಳೆದರೆ ಆಯಿತು.

ಇನ್ನೊಂದು ಲಾಭ: ಪ್ರತಿ ವರ್ಷ ಬೆಳೆದಷ್ಟೂ ಬೆರಕೆ ಹೆಚ್ಚು. ಕಣದಲ್ಲಿ ಒಂದು ಹಿಡಿ ಬೆರೆತರೆ, ಇಲ್ಲವೇ ಹಿಂದಿನ ವರ್ಷ ಉದುರಿದ ಕಾಳು ಅದೇ ತಾಕಿನಲ್ಲಿ ಎದ್ದರೆ, ತಳಿ ಕೆಡಲು ಅಷ್ಟೇ ಸಾಕು. ಬೆಳೆಯುವಾಗ ಗುಣಿಗೆ ಒಂದೇ ನೇಜಿ (ಸಸಿ) ನೆಡಿ, ಬೇರೆ ಗಿಡ ಕಂಡರೆ ಕಿತ್ತೆಸೆಯಲು ಸುಲಭ. 20 × 15 ಸೆಂ.ಮೀ. ಅಂತರದಲ್ಲಿ 5 ಚದರ ಮೀಟರಿಗೆ 160 ಗುಣಿ ಬರುತ್ತದೆ, ಒಂದು ತಳಿಗೆ ಅಷ್ಟು ಸಾಕು.

ಲೆಕ್ಕದಪುಸ್ತಕ (ಮಂಗಳೂರು)

ಮೊಳಕೆಯವರು ಹೇಳಿದ್ದನ್ನು ರೂಪಾಯಿಗೆ ಇಳಿಸುತ್ತೇನೆ. ದರಗಳು ಅಂದಾಜು, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ.

ಒಂದು ಭತ್ತದ ತಳಿಯನ್ನು ಪ್ರತ್ಯೇಕವಾಗಿ ಬೆಳೆದು, ಪ್ರತ್ಯೇಕವಾಗಿ ಬಡಿದು ಒಣಗಿಸಲು ಒಟ್ಟು ಮೂರು ಆಳು, ಅಂದಾಜು 3,000 ರೂ. ಈಗಿನ ಕ್ರಮದಲ್ಲಿ 64 ತಳಿಗೆ ವರ್ಷಕ್ಕೆ 1,92,000. ಸರದಿಯಲ್ಲಿ ಏಳು ತಳಿಗೆ 21,000. ವ್ಯತ್ಯಾಸ 1,71,000 ರೂ., ಅದೂ ಪ್ರತಿ ವರ್ಷ. ಸಿಲಿಕಾ ಜೆಲ್ ಮತ್ತು ಪೌಚ್ ಉಳಿಸಿಕೊಡುವ ಹಣ ಇದು. ತರಕಾರಿಗೆ ಖರ್ಚು ಹೆಚ್ಚು, ಯಾಕೆಂದರೆ ಸೌತೆ, ಹೀರೆಯಂಥವು ಪರಕೀಯ ಪರಾಗಸ್ಪರ್ಶದವು. ಹೂವು ಅರಳುವ ಮೊದಲೇ ಗಂಡು, ಹೆಣ್ಣು ಮೊಗ್ಗು ಎರಡನ್ನೂ ದಾರದಲ್ಲಿ ಕಟ್ಟಬೇಕು. ಸೌತೆಗೆ ಮರುದಿನ ಬೆಳಿಗ್ಗೆ ಕೈಯಲ್ಲಿ ಪರಾಗ ಮುಟ್ಟಿಸಬೇಕು, ಹೀರೆ ಅರಳುವುದು ಸಂಜೆ. ತಳಿಗೆ 5,000 ಹಿಡಿಯಿರಿ. ಎಂಟು ವರ್ಷದ ಸರದಿಯಾದರೆ ವರ್ಷಕ್ಕೆ ನಾಲ್ಕು ತಳಿ, 20,000. ಮೊಳಕೆ ಪರೀಕ್ಷೆಗೆ 3,000, ಕರೆಂಟಿಗೆ 4,500, ಎರಡು ಫ್ರೀಜರ್ ಬದಲಿಸುವ ನಿಧಿಗೆ 6,000, ಪೌಚ್ ಮತ್ತು ಜೆಲ್ಲಿಗೆ 3,500. ದಾಖಲೆ ಇಡುವವರಿಗೆ ತಿಂಗಳಿಗೆ 2,000ದಂತೆ 24,000. ಒಟ್ಟು 82,000 ರೂ. ತಳಿಗೆ ಸುಮಾರು 870.

ಹೋಲಿಸಿ ನೋಡಲಿಕ್ಕೆ ಇದನ್ನು ತಿಳಿದಿರಿ. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ನಾವೆಲ್ಲ ಇರ್ರಿ ಅನ್ನುವುದು, 1.3 ಲಕ್ಷಕ್ಕೂ ಹೆಚ್ಚು ಭತ್ತದ ಮಾದರಿ ಇಟ್ಟುಕೊಂಡಿದೆ. ಅದಕ್ಕೆ ವರ್ಷಕ್ಕೆ 14 ಲಕ್ಷ ಡಾಲರನ್ನು ಶಾಶ್ವತವಾಗಿ ಕೊಡುವ ಒಪ್ಪಂದವನ್ನು 2018ರಲ್ಲಿ ಕ್ರಾಪ್ ಟ್ರಸ್ಟ್ ಮಾಡಿಕೊಂಡಿತು. ಮಾದರಿಗೆ ವರ್ಷಕ್ಕೆ ಹತ್ತು ಡಾಲರ್ ಚಿಲ್ಲರೆ. ಕ್ರಾಪ್ ಟ್ರಸ್ಟ್ 2004ರಲ್ಲಿ ಹುಟ್ಟಿದ್ದೇ ಇದಕ್ಕೆ: ಮೂರು ವರ್ಷದ ಯೋಜನೆ ಮುಗಿದ ಕೂಡಲೇ ಬೀಜ ಅನಾಥವಾಗುವುದನ್ನು ತಪ್ಪಿಸಲು ಮೂಲಧನ ಮುಟ್ಟದೆ ಆದಾಯದಿಂದ ಮಾತ್ರ ಕೊಡುವುದು.

ಈಗ ನಿಮ್ಮ 10 ಲಕ್ಷ. ಶೇ. 7ರ ಠೇವಣಿಯಲ್ಲಿ 70,000 ಬಡ್ಡಿ ಬರುತ್ತದೆ, 82,000ಕ್ಕೆ ಹತ್ತಿರವೇ ಆಯಿತಲ್ಲ ಅನಿಸುತ್ತದೆ. ಹಾಗೆ ನಂಬಬೇಡಿ. ನಮ್ಮ ಕಡೆಯ ದೇವಸ್ಥಾನಗಳ ಶಾಶ್ವತ ಪೂಜೆಯ ನಿಧಿಯನ್ನೇ ನೋಡಿ. ಹಿಂದೆ 500 ರೂ. ಇಟ್ಟವರ ಬಡ್ಡಿಯಲ್ಲಿ ಇವತ್ತು ಒಂದು ತೆಂಗಿನಕಾಯಿ, ಬಾಳೆಹಣ್ಣೂ ಬರುವುದಿಲ್ಲ, ಪೂಜೆ ಮಾತ್ರ ನಡೆಯಲೇಬೇಕು. ಬೆಲೆಯೇರಿಕೆ ಶೇ. 5 ಇದ್ದರೆ 14 ವರ್ಷದಲ್ಲಿ 70,000ದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಏಳರಲ್ಲಿ ಐದನ್ನು ಮೂಲಧನಕ್ಕೇ ಸೇರಿಸಿ ಎರಡನ್ನು ಮಾತ್ರ ಖರ್ಚು ಮಾಡಬೇಕು. 10 ಲಕ್ಷದಿಂದ ನಿಜವಾಗಿ ಶಾಶ್ವತವಾಗಿ ಸಿಗುವುದು ವರ್ಷಕ್ಕೆ 20,000. ಇಡೀ 82,000ಕ್ಕೆ 41 ಲಕ್ಷ ಬೇಕು.

ಆದರೂ ಈ 10 ಲಕ್ಷಕ್ಕೆ ಸರಿಯಾದ ಕೆಲಸ ಉಂಟು. ಪರೀಕ್ಷೆ, ಕರೆಂಟು, ಫ್ರೀಜರ್ ನಿಧಿ, ಪೌಚ್ ಸೇರಿ 17,000. ಯಾರೂ ದೇಣಿಗೆ ಕೊಡದ, ಆದರೆ ಒಂದು ವರ್ಷ ತಪ್ಪಿದರೂ ಎಲ್ಲ ಕೆಡುವ ಖರ್ಚು ಇದೇ. ಅದನ್ನು ಈ ಹಣಕ್ಕೆ ಕಟ್ಟಿಹಾಕಿ. ಮೊದಲ ಫ್ರೀಜರ್‌ಗಳನ್ನು ಬೇರೆ ದೇಣಿಗೆಯಿಂದ ತನ್ನಿ, ಅದಕ್ಕೆ ಜನ ಕೊಡುತ್ತಾರೆ.

ಬೆಳೆದು ಬೀಜ ಹೊಸದು ಮಾಡುವ ಖರ್ಚಿಗೆ ತಳಿವಾರು ದತ್ತಿನಿಧಿ ಮಾಡಿ. ಭತ್ತಕ್ಕೆ ಹತ್ತು ವರ್ಷಕ್ಕೊಮ್ಮೆ 3,000 ಅಂದರೆ ವರ್ಷಕ್ಕೆ 300, ಶೇ. 2ರಲ್ಲಿ ಅದಕ್ಕೆ ಬೇಕಾದ ಮೂಲಧನ 15,000 ರೂ. ತರಕಾರಿಗೆ ಸುಮಾರು 31,000. ಮುಂಬೈಯಲ್ಲೋ ದುಬೈಯಲ್ಲೋ ಇರುವ ನಮ್ಮೂರಿನವರಿಗೆ 15,000 ದೊಡ್ಡ ಹಣವಲ್ಲ, ತನ್ನ ಮನೆಯ ಗದ್ದೆಯಲ್ಲಿ ಇದ್ದ ಭತ್ತದ ಹೆಸರಿಗೆ ಕೊಡುವುದಾದರೆ ಸಂತೋಷದಿಂದ ಕೊಡುತ್ತಾರೆ. ಆದರೆ ಎಲ್ಲವೂ ಒಂದೇ ನಿಧಿಗೆ ಹೋಗಲಿ. 94 ಬೇರೆ ಖಾತೆ ಮಾಡಿದರೆ ಚಂದದ ಹೆಸರಿನ ತಳಿಗೆ ಹಣ ತುಂಬುತ್ತದೆ, ಯಾರಿಗೂ ಬೇಡದ, ರೋಗ ತಡೆಯುವ ಗುಣ ಇದ್ದಿರಬಹುದಾದ ಕಪ್ಪು ಭತ್ತ ಉಪವಾಸ ಬೀಳುತ್ತದೆ.

ಕಾಗದಪತ್ರ: ದಾನಿ "ಇದು ಮೂಲಧನಕ್ಕೆ" ಎಂದು ಸ್ಪಷ್ಟವಾಗಿ ಬರೆದ ಪತ್ರ ಕೊಡಲೇಬೇಕು. ಇಲ್ಲದಿದ್ದರೆ ಅದು ಆ ವರ್ಷದ ಆದಾಯ ಅಂತ ಲೆಕ್ಕವಾಗಿ, ಆದಾಯ ತೆರಿಗೆ ವಿನಾಯಿತಿ ಉಳಿಯಬೇಕಾದರೆ ಶೇ. 85 ಖರ್ಚು ಮಾಡಬೇಕಾಗುತ್ತದೆ. ಬಡ್ಡಿಗೂ ಆ ಶೇ. 85ರ ನಿಯಮ ಉಂಟು, ಮರುಹೂಡಿಕೆಗೆ ಅಡ್ಡ ಬರುವುದು ಅದೇ. ನಿರ್ದಿಷ್ಟ ಉದ್ದೇಶ ತೋರಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶ ಇದೆ, ಫ್ರೀಜರ್ ಬದಲಿಗೆ ಮತ್ತು ಬೀಜ ಹೊಸದು ಮಾಡುವ ಸರದಿಗೆ ಅದು ಸರಿಹೊಂದುತ್ತದೆ. ಠರಾವು ಬರೆಯುವ ಮೊದಲೇ ಚಾರ್ಟರ್ಡ್ ಅಕೌಂಟೆಂಟರಿಗೆ ತೋರಿಸಿ. ಮೂಲಧನ ಮುರಿಯಲು ಸಭೆಯ ಮುಕ್ಕಾಲು ಪಾಲು ಒಪ್ಪಿಗೆ ಬೇಕು ಎಂದು ಬೈಲಾದಲ್ಲಿ ಸೇರಿಸಿ.

ಪಂಚಾಯತ್‌ಕಟ್ಟೆ

ದೆಹಲಿಯ ಪ್ರಶ್ನೆಗೆ. ಎನ್‌ಬಿಪಿಜಿಆರ್‌ನ (ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ) ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾದರಿ ಮೈನಸ್ 18ರಲ್ಲಿ ಇದೆ. ಇಡಲು ಬಾಡಿಗೆ ಕಟ್ಟಬೇಕಿಲ್ಲ, ನಿಮ್ಮ ಖರ್ಚು ಬೀಜ ತಯಾರಿ ಮತ್ತು ಸಾಗಣೆ ಮಾತ್ರ. ನಮಗೆ ಹತ್ತಿರದ ಪ್ರಾದೇಶಿಕ ಕೇಂದ್ರ ತ್ರಿಶೂರಿನ ವೆಳ್ಳಾನಿಕ್ಕರದಲ್ಲಿದೆ. ಭತ್ತದಂಥ ಸ್ವಕೀಯ ಪರಾಗಸ್ಪರ್ಶದ ಬೆಳೆಗೆ ಕನಿಷ್ಠ 2,000 ಕಾಳು, ಸೌತೆ, ಹೀರೆಗೆ 4,000. ಹೊಸ ಕೊಯ್ಲಿನದ್ದು, ಔಷಧ ಸವರದ್ದು, ಮೊಳಕೆ ಶೇ. 85ಕ್ಕಿಂತ ಮೇಲಿನದ್ದು ಆಗಿರಬೇಕು. ಜೊತೆಗೆ ಪಾಸ್‌ಪೋರ್ಟ್ ಮಾಹಿತಿ: ಸ್ಥಳೀಯ ಹೆಸರು, ಗ್ರಾಮ, ತಾಲೂಕು, ಅಕ್ಷಾಂಶ ರೇಖಾಂಶ, ಯಾವ ಗದ್ದೆಗೆ, ಯಾವ ಬೆಳೆಗೆ (ಏಣಿಲೋ ಸುಗ್ಗಿಯೋ ಕೊಳಕೆಯೋ), ಯಾರಿಂದ ಬಂತು. ಈ ಮಾಹಿತಿ ಇಲ್ಲದ ಬೀಜ ಇದ್ದೂ ಇಲ್ಲದ ಹಾಗೆ, ಮುಂದೆ ಯಾರೂ ಹುಡುಕಿ ತೆಗೆಯಲಾರರು. ದಾಖಲಾದ ಮೇಲೆ ಪ್ರತಿ ತಳಿಗೂ ಐಸಿ ಸಂಖ್ಯೆ (ಜೀನ್ ಬ್ಯಾಂಕಿನ ದಾಖಲೆ ಸಂಖ್ಯೆ) ಬರುತ್ತದೆ, ಅದನ್ನು ನಿಮ್ಮ ರಿಜಿಸ್ಟರಿನಲ್ಲಿ ಬರೆದಿಡಿ.

ಹಕ್ಕಿನ ಹೆದರಿಕೆ ಸಹಜ, ಆದರೆ ಜೀನ್ ಬ್ಯಾಂಕಿನಲ್ಲಿ ಇಡುವುದು ಬೇರೆ, ತಳಿಯ ನೋಂದಣಿ ಬೇರೆ. ನೋಂದಣಿ ಆಗುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ, ರೈತರಿಗೆ ಶುಲ್ಕ ವಿನಾಯಿತಿ ಇದೆ. ನಿಮ್ಮಲ್ಲಿ ಮಾತ್ರ ಇರುವ ತಳಿಗಳಿಗೆ ಮೊದಲು ಆ ಅರ್ಜಿ ಹಾಕಿ, ಆಮೇಲೆ ಬೀಜ ಕಳಿಸಿ. ಆ ಕಾಯ್ದೆಯಡಿಯ ಪ್ರಾಧಿಕಾರದ ಕೈಯಲ್ಲೇ ರಾಷ್ಟ್ರೀಯ ಜೀನ್ ನಿಧಿ ಇರುವುದು. ತಳಿ ಉಳಿಸಿದ ಸಮುದಾಯಕ್ಕೆ 10 ಲಕ್ಷ ರೂ.ಗಳ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿ ಬರುವುದು ಅಲ್ಲಿಂದ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅರ್ಜಿ ಮತ್ತು ಶಿಫಾರಸಿನ ಬಗ್ಗೆ ಕೇಳಿ. ಬಂದರೆ ನೇರ ಮೂಲಧನಕ್ಕೆ ಹಾಕಿ.

ಬೀಜ ಕಂಪೆನಿಗಳ ಲಾಭದಿಂದ ಹಣ ಬಂದೀತು ಅಂತ ಕಾಯಬೇಡಿ. 2004ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಸಸ್ಯ ಸಂಪನ್ಮೂಲ ಒಪ್ಪಂದದಲ್ಲಿ ಮಾರಾಟದ ಶೇ. 0.77 ಕೊಡುವ ನಿಯಮ ಉಂಟು. ಆದರೆ ಹೊಸ ತಳಿಯನ್ನು ಇತರರು ಸಂಶೋಧನೆಗೆ ಬಳಸದಂತೆ ತಡೆದಾಗ ಮಾತ್ರ ಅದು ಕಡ್ಡಾಯ, ಉಳಿದವರಿಗೆ ಐಚ್ಛಿಕ. ಹಾಗಾಗಿ ಬಂದ ಹಣ ತೀರಾ ಕಡಿಮೆ. ರೈತರ ಬೀಜದಿಂದ ಹುಟ್ಟಿದ ಲಾಭ ಬೀಜ ಕಾಯುವವರಿಗೆ ಬರುತ್ತಿಲ್ಲ ಎಂಬುದು ಅನ್ಯಾಯವೇ, ಅದಕ್ಕೆ ಹೋರಾಡಬೇಕು. ಆದರೆ ಆ ಹೋರಾಟ ಮುಗಿಯುವವರೆಗೆ ಫ್ರೀಜರ್ ನಡೆಯಬೇಕಲ್ಲ.

ಎಲ್ಲ ಕಳಿಸಿ ನಿಶ್ಚಿಂತೆ ಎಂಬುದೂ ಸರಿಯಲ್ಲ. ಸಿರಿಯಾದ ಅಲೆಪ್ಪೊ ಬಳಿ ಇದ್ದ ಒಣಪ್ರದೇಶದ ಕೃಷಿ ಸಂಶೋಧನಾ ಕೇಂದ್ರ ಇಕಾರ್ಡ, ಯುದ್ಧದಿಂದಾಗಿ ತನ್ನ ಸಂಗ್ರಹ ಕೈಗೆ ಸಿಗದಾದಾಗ 2015ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರದಿಂದ ತನ್ನ ಬೀಜ ವಾಪಸು ತರಿಸಿಕೊಂಡಿತು. ಬೆಳೆದು 2017ರಲ್ಲಿ ಮತ್ತೆ ಅಲ್ಲಿಗೆ ಕಳಿಸಿತು. ಬೆಳೆಸಬಲ್ಲವರು ಇದ್ದದ್ದರಿಂದ ಅದು ಸಾಧ್ಯವಾಯಿತು. ನಿಮ್ಮಲ್ಲೊಂದು ಪ್ರತಿ, ಇನ್ನೊಂದು ಊರಿನಲ್ಲೊಂದು, ದೆಹಲಿಯಲ್ಲೊಂದು.

ಹಲಸಿನಬುಡ (ಪುತ್ತೂರು)

ಮುಂದೆ ಯಾರಾದರೂ ಹಲಸು, ಕಾಡುಮಾವು, ಪುನರ್ಪುಳಿ ಇದೇ ಫ್ರೀಜರಿಗೆ ಸೇರಿಸುವ ಅಂದರೆ ಒಪ್ಪಬೇಡಿ. ಇವುಗಳ ಬೀಜ ಒಣಗಿಸಿದರೆ ಸಾಯುತ್ತದೆ. ಮರವಾಗಿಯೇ ಉಳಿಸಬೇಕು: ಪ್ರತಿ ತಳಿಗೆ ಎರಡು ಕಸಿ ಗಿಡ, ಎರಡು ಬೇರೆ ತೋಟದಲ್ಲಿ. ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಿದುವಿನಲ್ಲಿ ತೆಂಗಿಗೆ, ಇಲ್ಲಿ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಗೇರಿಗೆ ಮಾಡುತ್ತಿರುವುದು ಅದನ್ನೇ. ಬೀಜಕ್ಕೆ ಹತ್ತು ವರ್ಷಕ್ಕೊಮ್ಮೆ ಖರ್ಚು, ಮರಕ್ಕೆ ಪ್ರತಿ ವರ್ಷ ಕಳೆ, ಗೊಬ್ಬರ, ಬೇಲಿ. ಆ ಲೆಕ್ಕವೇ ಬೇರೆ, ಅದರ ನಿಧಿಯನ್ನೂ ಬೇರೆ ಇಡಿ.

ಹಡಿಲುಗದ್ದೆ (ಉಡುಪಿ)

ಎಲ್ಲರಿಗೂ ದೊಡ್ಡ ಉಪಕಾರ. ಇದನ್ನೇ ಪ್ರಿಂಟ್ ತೆಗೆದು ಸಭೆಯಲ್ಲಿ ಓದುತ್ತೇವೆ. ಮೊಳಕೆಯವರೇ, ಒಂದು ಸಂಶಯ: ತೂಕದ ಲೆಕ್ಕ ಶುರುವಾಗುವುದೇ ಶೇ. 12ರಿಂದ. ಅಂಗಳದ ಬೀಜ 12ಕ್ಕೆ ಬಂತು ಅಂತ ಮೀಟರ್ ಇಲ್ಲದೆ ತಿಳಿಯುವುದು ಹೇಗೆ?

ಮೊಳಕೆ

ಅಕ್ಕಿ ಮಿಲ್ಲಿನಲ್ಲಿ ತೇವಾಂಶ ಮೀಟರ್ ಇರುತ್ತದೆ, ಒಂದು ಹಿಡಿ ಒಯ್ದರೆ ನೋಡಿಕೊಡುತ್ತಾರೆ. ಬೇರೆ ಬೇರೆ ತಳಿ ಒಟ್ಟಿಗೆ ಒಣಗಿಸಿದ್ದಾದರೆ ಮೂರು ನಾಲ್ಕು ತಳಿಯದ್ದು ನೋಡಿದರೆ ಸಾಕು. ಸರಿಯಾದ ಲೆಕ್ಕವೇ ಬೇಕಾದರೆ ಓವನ್ ವಿಧಾನ: 5 ಗ್ರಾಂ ಭತ್ತ ಪುಡಿ ಮಾಡಿ, ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ತೂಗಿ, ಮುಚ್ಚಳ ತೆರೆದು 130 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಮುಚ್ಚಿ ತಣಿಸಿ ಮತ್ತೆ ತೂಗಿ. ಕಳೆದ ತೂಕವನ್ನು ಪುಡಿಯ ಮೊದಲಿನ ತೂಕದಿಂದ (ಡಬ್ಬಿಯ ತೂಕ ಬಿಟ್ಟು) ಭಾಗಿಸಿ ನೂರರಿಂದ ಗುಣಿಸಿ. ಇದಕ್ಕೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಿಗುತ್ತದೆ.

ಮನೆಯಲ್ಲೇ ತೀರಾ ಒದ್ದೆ ಇದ್ದದ್ದನ್ನು ಹಿಡಿಯಲು ಉಪ್ಪು ಸಾಕು. ಹುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ತಣಿಸಿ, ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಹಾಕಿ, ಅರ್ಧದವರೆಗೆ ಬೀಜ ತುಂಬಿ, ಮುಚ್ಚಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು ಉಂಟು ಅಂತ, ಮತ್ತೆ ಬಿಸಿಲಿಗೆ ಹಾಕಿ. ಅಂಟದಿದ್ದರೆ 12 ಆಯಿತೆಂದು ಅರ್ಥವಲ್ಲ, ಮಿಲ್ಲಿಗೆ ಒಯ್ಯಬಹುದಾದಷ್ಟು ಒಣಗಿದೆ ಎಂದಷ್ಟೇ. ಪರೀಕ್ಷೆಗೆ ಬಳಸಿದ ಬೀಜವನ್ನು ಮತ್ತೆ ರಾಶಿಗೆ ಸೇರಿಸಬೇಡಿ.